ಅರ್ಧ ಚೀಲ ಜೋಳ

ನಾನು ಯಾರಿಗೂ ಲಂಚ ಕೊಟ್ಟವನಲ್ಲ ಎಂದು ತುಂಬ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಡೊಂಬಿವಲಿಯ ನಮ್ಮ ಚಾಳಿನ ಗಣಪತಿ ಕಮಿಟಿಯಲ್ಲಿ, ಬೆಳಗಿನ ಲೋಕಲ್ ರೈಲಿನ ಭಜನೆ ಗುಂಪಿನಲ್ಲಿ, ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಎಲ್ಲ ಕಡೆ ಈ ಮಾತು ಆಡಿದ್ದೇನೆ. ಆಡುವಾಗ ಧ್ವನಿ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಈಗ ಆಡುವುದಿಲ್ಲ. ಒಂದು ಕಾಲದಲ್ಲಿ ನಮ್ಮ ಫ್ಯಾಕ್ಟರಿಯ ಸೇಠ್ ನನ್ನನ್ನೇ ಲಂಚವಾಗಿ ಒಬ್ಬರಿಗೆ ಕೊಟ್ಟಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಉಡುಪಿ ಕಡೆಯಿಂದ ಬಂದು, ಠಾಣೆಯ ಕೋಪರಿಯಲ್ಲಿದ್ದ ಮಾವನ ಹೋಟೆಲಿನಲ್ಲಿ ನಾಲ್ಕು ವರ್ಷ ಟೇಬಲ್ ಒರೆಸಿ, ನಡುವೆ ಹೇಗೋ ಮೆಟ್ರಿಕ್ ಮುಗಿಸಿ, ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಮಾಲು ಪೆಟ್ಟಿಗೆಗೆ ತುಂಬಿಸುವುದು, ಚೀಟಿ ಬರೆಯುವುದು, ಲಾರಿಗೆ ಹತ್ತಿಸುವುದು ನನ್ನ ಕೆಲಸ. ಅಲ್ಲಿ ತಯಾರಾಗುತ್ತಿದ್ದದ್ದು ಸೈನಿಕರು ಸೊಂಟಕ್ಕೆ ಕಟ್ಟಿಕೊಳ್ಳುವ ಅಲ್ಯೂಮಿನಿಯಂ ನೀರಿನ ಬಾಟಲಿ. ತಗಡನ್ನು ಎರಡು ಅರ್ಧವಾಗಿ ಒತ್ತಿ, ನಡುವೆ ಗ್ಯಾಸ್ ವೆಲ್ಡಿಂಗ್ ಮಾಡಿ ಕೂಡಿಸುವುದು. ನೋಡಲಿಕ್ಕೆ ಸುಲಭ. ಆದರೆ ಆ ಜೋಡಣೆಯ ಗೆರೆಯಲ್ಲಿ ಸೂಜಿಯ ಮೊನೆಯಷ್ಟು ತೂತು ಉಳಿದರೂ ಬಾಟಲಿ ಸೋರುತ್ತದೆ.

ಸೈನ್ಯಕ್ಕೆ ಮಾಲು ಕೊಡುವುದೆಂದರೆ ಟೆಂಡರ್ ಹಾಕಬೇಕು. ಯಾರ ದರ ಕಡಿಮೆಯೋ ಅವರಿಗೆ ಕೆಲಸ. ನಮ್ಮ ಸೇಠ್‌ನ ದರ ಯಾವಾಗಲೂ ಉಳಿದವರಿಗಿಂತ ಕೂದಲೆಳೆಯಷ್ಟು ಕಡಿಮೆ ಇರುತ್ತಿತ್ತು. ಬೇರೆಯವರ ಲಕೋಟೆಯೊಳಗೆ ಏನಿದೆ ಎಂಬುದು ಲಕೋಟೆ ಒಡೆಯುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವನ ಮಗಳ ಮದುವೆಯಲ್ಲಿ ಮೊದಲ ಸಾಲಿನ ಕುರ್ಚಿಗಳಲ್ಲಿ ಯಾರು ಯಾರು ಕೂತಿದ್ದರು ಎಂದು ನೋಡಿದವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ಅಷ್ಟು ಕಡಿಮೆ ದರಕ್ಕೆ ಒಳ್ಳೆಯ ಬಾಟಲಿ ಮಾಡಲಿಕ್ಕೆ ಯಾವ ದೇವರಿಂದಲೂ ಆಗುವುದಿಲ್ಲ. ಹಾಗಾಗಿ ತಗಡು ತೆಳ್ಳಗಾಗುತ್ತಿತ್ತು, ವೆಲ್ಡಿಂಗ್ ಅವಸರದಲ್ಲಿ ಆಗುತ್ತಿತ್ತು. ಮೇಲಿನವರೆಲ್ಲ ಸೇಠ್‌ನ ಕಿಸೆಯಲ್ಲಿದ್ದರು. ಒಬ್ಬರು ಮಾತ್ರ ಇರಲಿಲ್ಲ. ಮಾಲು ನೋಡಿ ಪಾಸು ಮಾಡಲಿಕ್ಕೆ ಫ್ಯಾಕ್ಟರಿಗೇ ಬರುತ್ತಿದ್ದ ಸರಕಾರಿ ಇನ್‌ಸ್ಪೆಕ್ಟರ್.

ಹಳೆಯ ಇನ್‌ಸ್ಪೆಕ್ಟರ್ ವರ್ಗವಾಗಿ ಹೊಸಬರು ಬಂದಾಗ ಸೇಠ್ ಠಾಣೆ ಸ್ಟೇಷನ್ನಿಗೆ ಕಾರು ಕಳಿಸಿದ. ಕಾರು ಖಾಲಿ ವಾಪಸು ಬಂತು. ಅದರ ಹಿಂದೆಯೇ, ಎಸ್ಟೇಟಿನ ಬಸ್ಸಿನಿಂದ ಇಳಿದು, ಬಿಳಿ ಅಂಗಿಯ, ಐವತ್ತರ ಹತ್ತಿರದ ಒಬ್ಬ ಕಪ್ಪು ಮನುಷ್ಯ ಛತ್ರಿ ಊರಿಕೊಂಡು ನಡೆದು ಬಂದರು. ಹೆಗಲಿನ ಚೀಲದಲ್ಲಿ ಅವರದೇ ಡಬ್ಬಿ, ಅವರದೇ ನೀರು. ಟೀ ಕೂಡ ಬೇಡ ಎಂದರು. ರಾಶಿಯ ಮೇಲಿನ ಪೆಟ್ಟಿಗೆಯನ್ನು ಇಳಿಸಿಕೊಡಲು ನಾನು ಮುಂದಾದೆ. ಅವರು ಕೈ ಅಡ್ಡ ಮಾಡಿ ಹಿಂದಿಯಲ್ಲಿ, "ಆಪ್ ರೆಹನೇ ದೀಜಿಯೇ, ಮೈ ಖುದ್ ಕರ್ ಲೂಂಗಾ" ಎಂದರು. ನೀವು ಬಿಡಿ, ನಾನೇ ಮಾಡಿಕೊಳ್ಳುತ್ತೇನೆ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆ ಇತ್ತು.

ಅವರ ಪರೀಕ್ಷೆ ಸರಳ. ರಾಶಿಯ ತಳದ ಪೆಟ್ಟಿಗೆಗಳನ್ನೇ ಎಳೆಸಿ, ಮನಸ್ಸಿಗೆ ಬಂದ ಬಾಟಲಿಗಳನ್ನು ತೆಗೆದು, ನೀರು ತುಂಬಿಸಿ, ಬಿರಡೆ ಬಿಗಿದು, ಹಳೆಯ ಪೇಪರಿನ ಮೇಲೆ ತಲೆಕೆಳಗಾಗಿ ನಿಲ್ಲಿಸುವುದು. ಅರ್ಧ ತಾಸು ಕುರ್ಚಿ ಹಾಕಿಕೊಂಡು ಎದುರಿಗೇ ಕಾಯುವುದು. ಆಮೇಲೆ ಒಂದೊಂದೇ ಬಾಟಲಿ ಎತ್ತಿ ಪೇಪರು ಒದ್ದೆಯಾಗಿದೆಯೇ ಎಂದು ಬೆರಳಿಟ್ಟು ನೋಡುವುದು. ಸರಿ ಇದ್ದರೆ ಪೆಟ್ಟಿಗೆಗಳಿಗೆ ತಂತಿ ಸುತ್ತಿ, ಸೀಸದ ಬಿಲ್ಲೆ ಹಾಕಿ, ತಮ್ಮ ನಂಬರಿದ್ದ ಇಕ್ಕಳದಿಂದ ಒತ್ತಿ ಮುದ್ರೆ ಮಾಡುವುದು. ಆ ಇಕ್ಕಳವನ್ನು ಅವರು ಚೀಲದಲ್ಲಿ ಇಡುತ್ತಿರಲಿಲ್ಲ, ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಮೊದಲ ಎರಡು ಸಲವೂ ಪೇಪರು ಒದ್ದೆಯಾಯಿತು. ಎರಡು ಸಲವೂ ಮಾಲು ವಾಪಸು ಎಂದು ಬರೆದು, ಛತ್ರಿ ತೆಗೆದುಕೊಂಡು ಬಸ್ಸಿಗೆ ನಡೆದರು. ಸೇಠ್ ಕೆಂಡವಾದ. ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ಸಲ ಪರೀಕ್ಷೆಗೆ ಪೇಪರು ಹಾಸುವಾಗ ಕೈಗೆ ಸಿಕ್ಕಿದ್ದು ಮಾವನ ಹೋಟೆಲಿನಿಂದ ನಾನು ಡಬ್ಬಿ ಸುತ್ತಿಕೊಂಡು ಬಂದಿದ್ದ ಕನ್ನಡ ಪೇಪರು. ಹುಬ್ಬಳ್ಳಿಯಲ್ಲಿ ಅಚ್ಚಾಗಿ, ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಪೇಪರು. ಅದರ ಮೇಲೆ ಬಾಟಲಿ ಇಡಲು ಹೋದೆ. ಅವರು ನನ್ನ ಕೈ ಹಿಡಿದರು. ಪೇಪರನ್ನು ಎತ್ತಿಕೊಂಡು, ಎಣ್ಣೆಯ ಕಲೆ ಇದ್ದ ಮೂಲೆಯನ್ನೂ ಬಿಡದೆ ಓದಿದರು. ಬಿಜಾಪುರ ಜಿಲ್ಲೆಯ ಯಾವುದೋ ಊರಿನ ಕೆರೆಯ ಸುದ್ದಿ. ಓದಿ ಮುಗಿಸಿ ನನ್ನ ಮುಖ ನೋಡಿದರು.

"ನೀವು ಕನ್ನಡದವ್ರೇನ್ರಿ?"

"ಹೌದು ಸಾರ್, ಉಡುಪಿ ಕಡೆ."

"ಎರಡು ತಿಂಗಳಿಂದ ನಾವಿಬ್ಬರೂ ಹಿಂದಿಯೊಳಗ ಒದ್ದಾಡಾಕತ್ತೀವಲ್ಲೋ ತಮ್ಮಾ" ಎಂದು ಅವರು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅವತ್ತೇ ಮೊದಲು.

ಬಿಜಾಪುರವೆಂದರೆ ನನಗೆ ಕಾಶ್ಮೀರದಷ್ಟೇ ದೂರ. ಮನೆಯಲ್ಲಿ ನಾವು ಆಡುವುದು ತುಳು, ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದು. ನಾನು 'ಹೋಗುವ', 'ಉಂಟು' ಎಂದರೆ ಅವರಿಗೆ ನಗು. ಅವರು 'ಹೌದಲ್ರೀ' ಎಂದು ಎಳೆದರೆ ನನಗೆ ನಗು. ಆದರೂ ಅರ್ಧ ತಾಸಿನ ಕಾಯುವಿಕೆ ಅಂದು ಹೇಗೆ ಕಳೆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವರು ಕಲ್ಯಾಣದಲ್ಲಿ ಒಂದು ರೂಮಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ಊರಿನಲ್ಲಿ ಹಾಸಿಗೆ ಹಿಡಿದ ಅತ್ತೆಯ ಸೇವೆಗೆ ನಿಂತಿದ್ದರು. ಖಾನಾವಳಿಯ ಗೋಧಿ ಚಪಾತಿ ತಿಂದು ತಿಂದು ಹೊಟ್ಟೆ ಕೆಟ್ಟಿದೆ, ಜೋಳದ ರೊಟ್ಟಿಯ ಮುಖ ನೋಡಿ ಎಂಟು ತಿಂಗಳಾಯಿತು ಎಂದರು. ಅಂದು ಮಾಲು ಸರಿ ಇತ್ತು, ಪಾಸಾಯಿತು. ನ್ಯಾಯವಾಗಿಯೇ ಪಾಸಾಯಿತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. ಸಂಜೆ ಸೇಠ್‌ನ ಮುಂದೆ ಪೇಪರಿನ ಕಥೆಯನ್ನು, ರೊಟ್ಟಿಯ ಕಥೆಯನ್ನು ತಮಾಷೆಯಾಗಿ ಹೇಳಿದೆ. ಆ ಮನುಷ್ಯ ನನ್ನ ಜೊತೆ ನಕ್ಕ ಎಂಬ ಜಂಬ ನನಗೆ. ಸೇಠ್ ನಗಲಿಲ್ಲ. ಅವನು ಕೆಲಸದ ಮಾತು ಕೇಳುವಾಗ ನಗುವುದಿಲ್ಲ. ಇನ್ನು ಮುಂದೆ ಸಾಹೇಬರು ಬಂದ ದಿನ ಪೆಟ್ಟಿಗೆ ಕೆಲಸ ಬೇರೆಯವರು ನೋಡಿಕೊಳ್ಳುತ್ತಾರೆ, ನೀನು ಅವರ ಜೊತೆ ಕೂತು ಮಾತಾಡು, ಅಷ್ಟೇ ನಿನ್ನ ಕೆಲಸ ಎಂದ. ಮಾರನೆಯ ವಾರ ಡೊಂಬಿವಲಿಯ ನಮ್ಮ ಖೋಲಿಯ ಬಾಗಿಲಿಗೆ ಫ್ಯಾಕ್ಟರಿಯ ಟೆಂಪೋ ಬಂದು ನಿಂತಿತು. ಅದರಿಂದ ಅರ್ಧ ಚೀಲ ಜೋಳ ಇಳಿಯಿತು.

ನನ್ನ ಹೆಂಡತಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕುಚ್ಚಲಕ್ಕಿ ಅನ್ನ, ನೀರುದೋಸೆ ಬಿಟ್ಟರೆ ಬೇರೆ ಗೊತ್ತಿಲ್ಲದ ಹುಡುಗಿ. ಜೋಳದ ಚೀಲ ನೋಡಿ ಇದನ್ನು ಏನು ಮಾಡುವುದು, ಕೋಳಿಗೆ ಹಾಕುವುದಾ ಎಂದು ತುಳುವಿನಲ್ಲಿ ಕೇಳಿದಳು. ಪಕ್ಕದ ಖೋಲಿಯಲ್ಲಿ ಗದಗಿನ ಕಡೆಯ ಒಬ್ಬ ಅಕ್ಕ ಇದ್ದರು, ವಯಸ್ಸಾದವರು, ಮಗನ ಜೊತೆ. ನಾನು ಅವರ ಹತ್ತಿರ ಹೋಗಿ, ಫ್ಯಾಕ್ಟರಿಗೆ ಬರುವ ಒಬ್ಬ ಸಾಹೇಬರು ನಿಮ್ಮ ಕಡೆಯವರು, ಇವಳಿಗೆ ರೊಟ್ಟಿ ಕಲಿಸಿಕೊಡಿ ಎಂದೆ. ಸೇಠ್ ಜೋಳ ಕಳಿಸಿದ್ದನ್ನೂ ಹೇಳಿದೆ. ಅವರಿಗೆ ಅದರಲ್ಲಿ ಏನೂ ಕೆಟ್ಟದ್ದು ಕಾಣಲಿಲ್ಲ. ಸಾಹೇಬರನ್ನು ಒಲಿಸಿಕೊಳ್ಳದೆ ಈ ಮುಂಬಯಿಯಲ್ಲಿ ಯಾರ ಬಾಳು ನಡೆದಿದೆ ಎಂದರು.

ಒಂದು ತಿಂಗಳು ಮಧ್ಯಾಹ್ನವೆಲ್ಲ ನಮ್ಮ ಗೋಡೆಯಾಚೆ ಪಟಪಟ ಸದ್ದು. ರೊಟ್ಟಿ ತಟ್ಟುವುದಲ್ಲ, ಬಡಿಯಬೇಕು ಎಂದು ಅಕ್ಕನ ಗದರಿಕೆ. ಮೊದಲ ರೊಟ್ಟಿಗಳು ಕಾವಲಿಯ ಮೇಲೆ ಗದ್ದೆಯ ಮಣ್ಣಿನಂತೆ ಬಿರಿಯುತ್ತಿದ್ದವು, ಅವನ್ನು ನಾನೇ ತಿನ್ನಬೇಕಾಗಿತ್ತು. ಕೊನೆಗೆ ಒಂದು ದಿನ ರೊಟ್ಟಿ ಉಬ್ಬಿತು. ಹೆಂಡತಿ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಚಾಳಿನ ಮೂರು ಮನೆಗೆ ತೋರಿಸಿ ಬಂದಳು. ಅವಳ ಅಂಗೈ ಕೆಂಪಾಗಿತ್ತು. ಎಷ್ಟು ಖುಷಿಯಾಗಿದ್ದಳು ಎಂದು ಈಗಲೂ ನೆನಪಿದೆ.

ಮುಂದಿನ ಇನ್‌ಸ್ಪೆಕ್ಷನ್ನಿಗೆ ನಾನು ಡಬ್ಬಿ ಬಿಚ್ಚಿದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರಿಗೆಂದು ತಂದದ್ದು ಎಂದು ಹೇಳಿದ್ದರೆ ಮುಟ್ಟುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾಗಿ ನನ್ನ ಊಟಕ್ಕೆಂದು ತಂದವನ ಹಾಗೆ ತಿನ್ನಲು ಕೂತೆ. ಅವರು ನೋಡಿದರು. ಉಡುಪಿಯವನು ಜೋಳದ ರೊಟ್ಟಿ ತಿನ್ನುತ್ತೀಯೇನೋ ಎಂದು ಕೇಳಿದರು. ನಮ್ಮ ಅತ್ತೆಯ ತವರು ಗದಗಿನ ಕಡೆ, ನಮ್ಮ ಮನೆಯಲ್ಲಿ ಇದು ಮಾಮೂಲು ಎಂದು ನಾನು ಹೇಳಿದೆ. ನನ್ನ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅರ್ಧ ನಂಬಿಕೆಯಾಯಿತು. ಅವರು ತಮ್ಮ ಚಪಾತಿಯನ್ನು ನನ್ನ ಕಡೆ ಸರಿಸಿ, ಬದಲಿಗೆ ಒಂದು ರೊಟ್ಟಿ ತೆಗೆದುಕೊಂಡರು. ಕೊಡು-ಕೊಳ್ಳುವಿಕೆ ಸಮ ಇರಬೇಕಲ್ಲ ಎಂದರು. ಬಾಟಲಿಗಳ ಕಡೆಗೂ ಒಂದು ಕಣ್ಣು ಇತ್ತು.

ಆ ಕಣ್ಣು ಮೆಲ್ಲಗೆ ತಿರುಗಿತು. ಒಂದೇ ದಿನದಲ್ಲಿ ಅಲ್ಲ. ಅವರ ಕಡೆ ಎಲ್ಲರೂ ಹೊಲದಲ್ಲಿ ಕೂತು ಉಣ್ಣುವ ಎಳ್ಳಮಾವಾಸ್ಯೆಗೆ ಅವರನ್ನು ಡೊಂಬಿವಲಿಯ ನಮ್ಮ ಮನೆಗೆ ಕರೆದೆ. ಅಕ್ಕ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಆದರೆ ಹೋಗುವ ಮೊದಲು ಏನೇನು ಮಾಡಬೇಕೆಂದು ಹೆಂಡತಿಗೆ ಬಾಯಿಪಾಠ ಮಾಡಿಸಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಸಾಹೇಬರು ಚಾಪೆಯ ಮೇಲೆ ಕೂತು ತಟ್ಟೆ ನೋಡಿ ಸ್ವಲ್ಪ ಹೊತ್ತು ಕೈ ಹಾಕಲಿಲ್ಲ. ಆಮೇಲೆ ಹೆಂಡತಿಗೆ, "ಅವ್ವಾ, ಹೊಲದಾಗ ಕುಂತು ಉಂಡಂಗಾತು" ಎಂದರು. ಕಣ್ಣು ಒರೆಸಿಕೊಂಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವಳನ್ನು ಅವ್ವಾ ಎಂದು ಕರೆದದ್ದಕ್ಕೆ ಅವಳೂ ಅತ್ತಳು. ನಾನೊಬ್ಬ ಸುಮ್ಮನೆ ಬಡಿಸುತ್ತಿದ್ದೆ. ಆಮೇಲೆ ತಿಂಗಳಿಗೊಂದು ಭಾನುವಾರ ಕಲ್ಯಾಣದಿಂದ ಬಂದು ಉಂಡು ಹೋಗುವುದು ವಾಡಿಕೆಯಾಯಿತು. ಬರುವಾಗ ಅವಳಿಗೆ ಬಾಳೆಹಣ್ಣು ತರದೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕನ ಮಗ ಕಲ್ಯಾಣದಲ್ಲಿ ಮನೆ ಮಾಡಿದ್ದರಿಂದ ಅವರು ಊರಿನಿಂದ ಅಲ್ಲಿಗೇ ಹೋದರು. ಸಾಹೇಬರಿಗೂ ಅವರಿಗೂ ಒಂದು ಸಲವೂ ಭೇಟಿಯಾಗಲಿಲ್ಲ.

ಇವೆಲ್ಲವೂ ನಾಟಕವಾಗಿತ್ತು ಎಂದರೆ ಅದೂ ಸುಳ್ಳೇ. ನನಗೆ ಅವರನ್ನು ಕಂಡರೆ ನಿಜವಾಗಿ ಪ್ರೀತಿ ಇತ್ತು. ಅಪ್ಪ ಇಲ್ಲದೆ ಬೆಳೆದವನು ನಾನು. ಯಾರೂ ನನ್ನನ್ನು ತಮ್ಮಾ ಎಂದು ಕರೆದು ಕೂರಿಸಿಕೊಂಡು ಮಾತಾಡಿದ್ದಿಲ್ಲ. ಭಾನುವಾರ ಅವರು ಬರುವುದು ಹತ್ತು ನಿಮಿಷ ತಡವಾದರೆ ನಾನು ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದೆ. ಸೇಠ್‌ಗೆ ಬೇಕಾಗಿದ್ದದ್ದೂ ಅದೇ. ಸುಳ್ಳು ಪ್ರೀತಿಯಾಗಿದ್ದರೆ ಆ ಮನುಷ್ಯ ಎರಡನೆಯ ದಿನವೇ ಹಿಡಿಯುತ್ತಿದ್ದರು.

ಫ್ಯಾಕ್ಟರಿಯಲ್ಲಿ ಏನಾಯಿತೆಂದರೆ, ತಳದ ಪೆಟ್ಟಿಗೆ ಎಳೆಸುವುದು ನಿಂತಿತು. ನಾನು ತಂದು ಕೊಟ್ಟ ಬಾಟಲಿಗಳಿಗೇ ನೀರು ತುಂಬಿಸುವುದಾಯಿತು. ಕುರ್ಚಿ ಬಾಟಲಿಗಳ ಎದುರಿನಿಂದ ಕಿಟಕಿಯ ಪಕ್ಕಕ್ಕೆ ಬಂತು, ಅಲ್ಲಿ ಗಾಳಿ ಚೆನ್ನಾಗಿತ್ತು. ಕನ್ನಡ ಪೇಪರನ್ನು ಬಾಟಲಿಯ ಕೆಳಗೆ ಹಾಸಬಾರದು, ಓದಲಿಕ್ಕೆ ಕೊಡಬೇಕು ಎಂಬುದು ಎಲ್ಲ ಕೆಲಸದವರಿಗೂ ಗೊತ್ತಾಯಿತು. ಒಂದು ದಿನ ಉಂಡ ಕೈ ತೊಳೆಯಲು ಏಳುವಾಗ ಅವರು ಸೊಂಟದ ಇಕ್ಕಳ ತೆಗೆದು ನನ್ನ ಕೈಗಿಟ್ಟು, "ತಗೋ ತಮ್ಮಾ, ನೀನ ಒತ್ತು, ನಾ ಕೈ ತೊಳಕೊಂಡು ಬರ್ತೀನಿ" ಎಂದರು. ಇಕ್ಕಳ ಅವರ ಮೈಯ ಬಿಸಿಗೆ ಬೆಚ್ಚಗಿತ್ತು. ನಾನು ಹನ್ನೆರಡು ಪೆಟ್ಟಿಗೆಗೆ ಮುದ್ರೆ ಒತ್ತಿದೆ. ಗಾಜಿನ ಕೋಣೆಯಿಂದ ಸೇಠ್ ನೋಡುತ್ತಿದ್ದ. ಅವನು ಫೋನು ತೆಗೆದುಕೊಂಡ.

ದೊಡ್ಡ ಟೆಂಡರ್ ಬಂದದ್ದು ಅದಾದ ಮೇಲೆ. ಸೇಠ್ ಎಲ್ಲಿಂದಲೋ ತಂದ ತಗಡು ಕೈಯಲ್ಲಿ ಹಿಡಿದರೆ ಬಾಗುತ್ತಿತ್ತು, ವೆಲ್ಡಿಂಗ್ ಬೆಂಕಿಗೆ ಅಲ್ಲಲ್ಲಿ ಕರಗಿ ತೂತಾಗುತ್ತಿತ್ತು. ಸರಿಯಾದ ತಗಡು ತರುವ ಬದಲು ಫೋರ್‌ಮನ್ ಒಂದು ಉಪಾಯ ಕಂಡುಹಿಡಿದ. ಶೆಡ್ಡಿನ ಹಿಂದೆ ಒಲೆ ಹೂಡಿ, ಮೇಣ ಕರಗಿಸಿ, ಪ್ರತಿ ಬಾಟಲಿಯ ಬಾಯಿಂದ ಒಂದು ಸೌಟು ಒಳಗೆ ಹೊಯ್ದು, ತಿರುಗಿಸಿ ಚೆಲ್ಲುವುದು. ಒಳಗಿನ ಗೆರೆಗೆ ಮೇಣ ಕೂತು ತೂತು ಮುಚ್ಚುತ್ತದೆ. ತಣ್ಣೀರು ಹಾಕಿದರೆ ಅರ್ಧ ತಾಸಲ್ಲ, ಅರ್ಧ ದಿನ ಸೋರುವುದಿಲ್ಲ. ಬಿಸಿನೀರು ಹಾಕಿದರೆ ಮುಗಿಯಿತು. ಹೆಂಗಸರು ಸಾಲಾಗಿ ಕೂತು ಮೇಣ ಹೊಯ್ಯುವುದನ್ನು ನಾನು ಮೂರು ದಿನ ನೋಡಿದೆ. ಈ ಬಾಟಲಿಗಳು ಹೋಗುವುದು ಚಳಿಯ ಊರಿಗೆ ಎಂದು ಚೀಟಿ ಬರೆಯುವ ನನಗೆ ಗೊತ್ತಿತ್ತು. ಚಳಿಯಲ್ಲಿ ನಿಂತವನು ತಣ್ಣೀರು ತುಂಬಿಕೊಳ್ಳುವುದಿಲ್ಲ ಎಂದು ಯೋಚಿಸಲು ಹೆಚ್ಚು ಓದಬೇಕಾಗಿರಲಿಲ್ಲ.

ನಾಲ್ಕನೆಯ ದಿನ ಸಾಹೇಬರು ಬಂದರು. ಶೆಡ್ಡಿನೊಳಗೆ ಕಾಲಿಟ್ಟವರೇ ನಿಂತು ಮೂಗೆಳೆದರು.

"ಮೇಣದ ವಾಸನಿ ಬರಾಕತ್ತೈತಲ್ಲ ತಮ್ಮಾ, ಏನದು?"

"ನಿನ್ನೆ ಇಡೀ ದಿನ ಲೈಟ್ ಇರಲಿಲ್ಲ ಸಾರ್. ಮೇಣದ ಬತ್ತಿ ಹಚ್ಚಿಯೇ ಪ್ಯಾಕಿಂಗ್ ಮಾಡಿದ್ದು."

ಅವರು ಒಂದು ಬಾಟಲಿ ಎತ್ತಿ ಬಾಯಿಗೆ ಕಣ್ಣಿಟ್ಟು ನೋಡಿದರು. ಒಳಗೆ ಕತ್ತಲು, ಏನೂ ಕಾಣುವುದಿಲ್ಲ. ಬೆರಳೂ ಹೋಗುವುದಿಲ್ಲ. ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಮಾಲು ಬರೋಬ್ಬರಿ ಐತಲ್ಲ? ನೀ ಹೇಳು. ನೀ ಹೇಳಿದ್ರ ಸಾಕು ನನಗ."

"ಉಂಟು ಸಾರ್. ಸರಿ ಉಂಟು."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸೇಠ್ ನನ್ನನ್ನು ಹೆದರಿಸಿರಲಿಲ್ಲ. ಕೆಲಸ ಹೋದರೆ ಮಾವನ ಹೋಟೆಲಿನ ಟೇಬಲ್ ಇದ್ದೇ ಇತ್ತು. ಆದರೆ ಆ ಕ್ಷಣ ನಾನು ನಿಜ ಹೇಳಿದ್ದರೆ ಅವರು ಮುಂದಿನ ಪ್ರಶ್ನೆ ಕೇಳುತ್ತಿದ್ದರು, ಅದರ ಮುಂದಿನದನ್ನೂ ಕೇಳುತ್ತಿದ್ದರು. ಎರಡು ವರ್ಷದ ಊಟಕ್ಕೆಲ್ಲ ಬೇರೆ ಹೆಸರು ಬರುತ್ತಿತ್ತು. ಅವರ ಕಣ್ಣಿನಲ್ಲಿ ನಾನು ಸಣ್ಣವನಾಗುವುದನ್ನು ತಪ್ಪಿಸಲು ಅವರನ್ನೇ ಗುಂಡಿಗೆ ತಳ್ಳಿದೆ. ಅಂದು ಅವರು ಎರಡು ರೊಟ್ಟಿ ಹೆಚ್ಚು ತಿಂದರು. ಮುದ್ರೆ ನಾನೇ ಒತ್ತಿದೆ.

ಬಾಟಲಿಗಳ ಬಣ್ಣ ಆ ಚಳಿಗಾಲದಲ್ಲೇ ಬಯಲಾಯಿತು. ಬಿಸಿ ಚಹಾ ತುಂಬಿಸಿದವರ ಕೋಟು, ಹಾಸಿಗೆ ಎಲ್ಲ ಒದ್ದೆಯಾಗಿ, ಒದ್ದೆ ಬಟ್ಟೆ ಹೆಪ್ಪುಗಟ್ಟಿ ಒಬ್ಬನ ಸೊಂಟದ ಚರ್ಮ ಕಿತ್ತುಬಂತು ಎಂದು ಆಮೇಲೆ ಸೈನ್ಯದಿಂದ ಬಂದ ದೂರಿನ ಕಾಗದದಲ್ಲಿ ಓದಿದೆ. ಇಡೀ ಮಾಲು ವಾಪಸು ಬಂತು. ಪ್ರತಿ ಪೆಟ್ಟಿಗೆಯ ಸೀಸದ ಬಿಲ್ಲೆಯ ಮೇಲೆ ಒಂದೇ ನಂಬರು ಇತ್ತು, ನಮ್ಮ ಸಾಹೇಬರದು. ಅವರನ್ನು ಸಸ್ಪೆಂಡ್ ಮಾಡಿದರು. ಭಾನುವಾರ ಬರುವುದು ನಿಂತಿತು. ಹೆಂಡತಿ ಎರಡು ಭಾನುವಾರ ಜೋಳದ ಹಿಟ್ಟು ಕಲಸಿಟ್ಟು ಕಾದಳು. ವರ್ಗವಾಗಿದೆಯಂತೆ ಎಂದು ಹೇಳಿದೆ. ಹೇಳದೆ ಹೋದರಲ್ಲ ಎಂದು ಅವಳು ಬೇಸರ ಮಾಡಿಕೊಂಡಳು.

ವಿಚಾರಣೆ ಅವರ ದೊಡ್ಡ ಆಫೀಸಿನಲ್ಲಿ ನಡೆಯಿತು. ಸಾಕ್ಷಿಯೆಂದು ನನ್ನನ್ನೂ ಕರೆದಿದ್ದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಅರ್ಧ ಬಾಗಿಲಿನ ಮೇಲಿಂದ ಒಳಗಿನ ಮಾತೆಲ್ಲ ಕೇಳುತ್ತಿತ್ತು. ವಿಚಾರಣೆಗೆ ಕೂತ ಮೂವರಲ್ಲಿ ಇಬ್ಬರನ್ನು ನಾನು ಸೇಠ್‌ನ ಮಗಳ ಮದುವೆಯಲ್ಲಿ ನೋಡಿದ್ದೆ. ಕಂಪನಿಯಿಂದ ಏನಾದರೂ ಪಡೆದಿದ್ದೀರಾ ಎಂದು ಅವರಲ್ಲಿ ಒಬ್ಬ ಕೇಳಿದ. ಇಲ್ಲ ಎಂದರು ಸಾಹೇಬರು. ಸ್ವಲ್ಪ ತಡೆದು, ರೊಟ್ಟಿ ತಿಂದಿದ್ದೇನೆ, ಬರೆದುಕೊಳ್ಳಿ ಎಂದರು. ಒಳಗೆ ನಗು ಕೇಳಿಸಿತು. ಎಲ್ಲಿ ತಿಂದಿರಿ, ಯಾರ ಮನೆಯಲ್ಲಿ ಎಂದು ಕೇಳಿದರು. ಒಬ್ಬ ಹೆಣ್ಣುಮಗಳು ತನ್ನ ಮನೆಯವರಿಗೆ ಮಾಡಿದ ಅಡುಗೆಯಲ್ಲಿ ನನಗೂ ಒಂದು ಪಾಲು ಹಾಕಿದಳು, ಅವಳ ಹೆಸರು ಈ ಕಾಗದದಲ್ಲಿ ಬರಬಾರದು ಎಂದರು. ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಆಮೇಲೆ ನನ್ನ ಸರದಿ. ಒಳಗೆ ಹೋದೆ. ಸಾಹೇಬರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು, ಬೆಲ್ಟಿನಲ್ಲಿ ಇಕ್ಕಳ ಇರಲಿಲ್ಲ. ಮೇಣದ ವಿಷಯ ನಿಮಗೆ ಗೊತ್ತಿತ್ತೇ ಎಂದು ಆ ಮೂವರಲ್ಲಿ ಒಬ್ಬ ಕೇಳಿದ. ನಾನು ಚೀಟಿ ಬರೆಯುವವನು, ನನಗೇನೂ ಗೊತ್ತಿಲ್ಲ ಎಂದೆ. ಸೇಠ್ ಕಲಿಸಿ ಕಳಿಸಿದ್ದು ಅಷ್ಟೇ ಮಾತು, ಎರಡು ನಿಮಿಷದಲ್ಲಿ ಮುಗಿಯಿತು. ಹೊರಗೆ ಬರುವಾಗ ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದರು, ನೀನು ಗಾಬರಿಯಾಗಬೇಡ ಎನ್ನುವ ಹಾಗೆ. ನಾಲ್ಕು ಮೆಟ್ಟಿಲು ಇಳಿದು ನಿಂತೆ. ವಾಪಸು ಹತ್ತಬೇಕೆಂದು ನಿಜವಾಗಿ ಅನಿಸಿತ್ತು. ಹತ್ತಲಿಲ್ಲ.

ಅವರಿಗೆ ಕಡ್ಡಾಯ ನಿವೃತ್ತಿಯಾಯಿತು. ಸೇಠ್ ಅಷ್ಟೂ ಬಾಟಲಿ ಹೊಸದಾಗಿ ಮಾಡಿಕೊಟ್ಟ, ಕಪ್ಪು ಪಟ್ಟಿಗೆ ಸೇರಿದ, ಆರು ತಿಂಗಳೊಳಗೆ ತುರ್ಭೆಯ ಹತ್ತಿರ ಹೆಂಡತಿಯ ಹೆಸರಿನಲ್ಲಿ ಬೇರೆ ಫ್ಯಾಕ್ಟರಿ ತೆರೆದ. ಅದೇ ಮೆಷಿನ್, ಅದೇ ಫೋರ್‌ಮನ್, ಬೋರ್ಡು ಮಾತ್ರ ಹೊಸದು. ನನ್ನನ್ನು ಮ್ಯಾನೇಜರ್ ಮಾಡಿದ. ಆಗಿದ್ದೆ, ಹಲ್ಲು ಕಚ್ಚಿಕೊಂಡಲ್ಲ, ಆ ಸಂಬಳದಲ್ಲಿ ಮಗಳನ್ನು ಶಾಲೆಗೆ ಸೇರಿಸಿಕೊಂಡು ಸುಖವಾಗಿಯೇ ಆಗಿದ್ದೆ. ನಾನು ಲಂಚ ಕೊಟ್ಟವನಲ್ಲ ಎಂದು ಅಲ್ಲಿ ಇಲ್ಲಿ ಹೇಳಿಕೊಂಡು ತಿರುಗುತ್ತಿದ್ದದ್ದು ಈ ವರ್ಷಗಳಲ್ಲೇ.

ನಾಲ್ಕು ವರ್ಷದ ಮೇಲೆ ಗದಗಿನ ಅಕ್ಕ ಊರಿಗೆ ಹೊರಟರು. ಮಗನಿಗೆ ರಜೆ ಸಿಗದ್ದರಿಂದ ಅವರನ್ನು ಕಲ್ಯಾಣ ಸ್ಟೇಷನ್ನಿನಲ್ಲಿ ರೈಲು ಹತ್ತಿಸಲು ನಾನು ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವರನ್ನು ಕೂರಿಸಿ ನೋಡಿದರೆ, ಪಕ್ಕದ ಬೆಂಚಿನಲ್ಲಿ ಸಾಹೇಬರು. ತೆಳ್ಳಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ಅವರ ಹೆಂಡತಿ, ಕಾಲ ಬುಡದಲ್ಲಿ ಒಂದು ತಗಡಿನ ಟ್ರಂಕು. ನನಗೆ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಅವರೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಪೆನ್ಶನ್ ಕಾಗದಕ್ಕೆಂದು ಆಫೀಸಿಗೆ ಬಂದಿದ್ದರಂತೆ, ಇನ್ನೂ ಇತ್ಯರ್ಥವಾಗಿಲ್ಲವಂತೆ. ನಾನು ಏನೋ ತೊದಲಿದೆ. ಸಾರ್, ಅವತ್ತು ನಾನು, ಎಂದು ಶುರು ಮಾಡಿದೆ.

"ಬಿಡೋ ತಮ್ಮಾ" ಎಂದರು. "ನಿಂದೇನ ತಪ್ಪೈತಿ ಅದರಾಗ? ನಿನಗೂ ಹೇಳದನ ಮಾಡ್ಯಾನ ಆ ಸೇಠ. ನಿಮ್ಮನಿ ರೊಟ್ಟಿ ಒಂದ ಅಲ್ಲಿ ಖರೇ ಇತ್ತು. ಇವರಿಗೂ ಹೇಳೀನಿ" ಎಂದು ಹೆಂಡತಿಯ ಕಡೆ ತೋರಿಸಿದರು.

ಆಕೆ ನಕ್ಕು ಸರಿದು ಕೂತು ಅಕ್ಕನಿಗೂ ಜಾಗ ಮಾಡಿದರು. ಎಲ್ಲಿಯಾತ್ರಿ ನಿಮ್ಮೂರು ಎಂದು ಇಬ್ಬರ ಮಾತು ಶುರುವಾಯಿತು. ಹೆಂಗಸರ ಮಾತು ಎರಡು ನಿಮಿಷದಲ್ಲಿ ಅಡುಗೆಗೆ ಬಂತು. ಇವರು ಉಡುಪಿ ಕಡೆಯವರಾದರೂ ಇವರ ಮನೆಯಲ್ಲಿ ಚಂದದ ರೊಟ್ಟಿ ಮಾಡುತ್ತಾರಂತೆ ಎಂದು ಆಕೆ ಮೆಚ್ಚಿಗೆಯಿಂದ ಹೇಳಿದರು. ಅಕ್ಕನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಆಕಿಗೆ ರೊಟ್ಟಿ ಬಡಿಯೂದು ನಾನ ಕಲಿಸಿದ್ದರಿ ಅಕ್ಕಾರ. ಜ್ವಾಳದ ಮುಖ ನೋಡಿದಾಕಿ ಅಲ್ಲ ಅದು. ಇವರ ಸೇಠ ಅರ್ಧ ಚೀಲ ಜ್ವಾಳ ಕಳಿಸಿದ್ದ, ಯಾರೋ ಸಾಹೇಬ್ರನ್ನ ಒಲಿಸ್ಕೋಬೇಕಾಗಿತ್ತಂತ. ಒಂದು ತಿಂಗಳು ಬಡದು ಬಡದು ಕಲ್ತಳು ನೋಡ್ರಿ ಪಾಪ."

ಸಾಹೇಬರ ಹೆಂಡತಿ ಬಾಯಿ ತೆರೆದವರು ಹಾಗೇ ಗಂಡನ ಮುಖ ನೋಡಿದರು. ಅಕ್ಕನಿಗೆ ಏನೂ ತಿಳಿಯಲಿಲ್ಲ, ಅವರು ಸೀರೆಯ ಗಂಟು ಬಿಗಿಮಾಡಿಕೊಳ್ಳುತ್ತಿದ್ದರು. ಸಾಹೇಬರ ಕೈ ಇನ್ನೂ ನನ್ನ ಕೈ ಹಿಡಿದುಕೊಂಡೇ ಇತ್ತು. ಅವರು ನನ್ನನ್ನು ನೋಡಲಿಲ್ಲ. ಕೈಯನ್ನು ನೋಡಿದರು, ಯಾರದೋ ವಸ್ತು ತಪ್ಪಿ ಎತ್ತಿಕೊಂಡವರ ಹಾಗೆ, ಆಮೇಲೆ ಮೆಲ್ಲಗೆ ಬಿಟ್ಟರು. ಮೇಣದ ವಾಸನೆಯಿಂದ ಹಿಡಿದು ಅತ್ತೆಯ ತವರಿನವರೆಗೆ ಎಲ್ಲವೂ ಒಂದೊಂದಾಗಿ ಅವರಿಗೆ ಹೊಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ರೈಲು ಬಂತು. ಜನ ನುಗ್ಗಿದರು. ಅಕ್ಕನನ್ನು ಹತ್ತಿಸಿ, ಗಂಟು ಒಳಗಿಟ್ಟು ತಿರುಗಿದರೆ ಅವರು ಟ್ರಂಕಿನ ಹಿಡಿಗೆ ಕೈ ಹಾಕಿದ್ದರು. ಅದು ಭಾರವಿತ್ತು, ಒಂದೇ ಸಲಕ್ಕೆ ಏಳಲಿಲ್ಲ. ನಾನು ಬಗ್ಗಿ ಇನ್ನೊಂದು ಹಿಡಿ ಹಿಡಿದು, "ಕೊಡಿ ಸಾರ್, ನಾನು ಇಡ್ತೇನೆ" ಎಂದೆ.

ಅವರು ಕೈ ಅಡ್ಡ ಮಾಡಿದರು.

"ಆಪ್ ರೆಹನೇ ದೀಜಿಯೇ" ಎಂದರು, "ಮೈ ಖುದ್ ಕರ್ ಲೂಂಗಾ."